ಉರಿಯದ ದೀಪವನ್ನು ನಂಬಬೇಡಿ



ಕಾರಿನ ಕೀಲಿಯನ್ನು ತಿರುಗಿಸಿದ ಕೂಡಲೇ ಸ್ಟೀರಿಂಗಿನ ಹಿಂದಿನ ಫಲಕದಲ್ಲಿ ಕೆಂಪು, ಹಳದಿ ದೀಪಗಳ ಸಾಲೊಂದು ಹೊತ್ತಿಕೊಳ್ಳುವುದನ್ನು ನೀವೆಲ್ಲರೂ ನೋಡಿದ್ದೀರಿ. ಎಂಜಿನ್ನಿನ ಚಿತ್ರವಿರುವ ದೀಪ, ಎಬಿಎಸ್ ಬ್ರೇಕಿನ ದೀಪ, ಏರ್‌ಬ್ಯಾಗಿನ ದೀಪ. ಕೆಲವು ನಾಲ್ಕಾರು ಸೆಕೆಂಡುಗಳಲ್ಲಿ ಆರುತ್ತವೆ, ಕೆಲವು ಎಂಜಿನ್ ಚಾಲೂ ಆದ ಮೇಲೆ ಆರುತ್ತವೆ. ಇದು ಕಾರುಳ್ಳವರ ಮಾತು ಮಾತ್ರವಲ್ಲ. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ನಮ್ಮ ದೇಶದಲ್ಲಿ ಮಾರಾಟವಾಗುವ ಹೊಸ ಪೆಟ್ರೋಲ್ ಸ್ಕೂಟರು, ಬೈಕುಗಳಲ್ಲಿಯೂ ಎಂಜಿನ್ ದೀಪ ಇದ್ದೇ ಇರುತ್ತದೆ. ಹಿಂದೆ ಕುಳಿತ ಮಗು, "ಅಪ್ಪಾ, ಈ ದೀಪ ಯಾಕೆ ಹತ್ತಿ ಆರಿಹೋಗುತ್ತೆ?" ಎಂದು ಕೇಳಿದರೆ, "ಅದು ಹಾಗೇ ಕಣೋ" ಎಂದು ಹೇಳಿ ಗಾಡಿ ಬಿಡುತ್ತೇವೆ. ಆದರೆ ಮಗುವಿನ ಪ್ರಶ್ನೆಗೆ ಒಳ್ಳೆಯ ಉತ್ತರವಿದೆ. ಅದನ್ನು ತಿಳಿದುಕೊಂಡರೆ ನಮ್ಮ ಆತ್ಮಕ್ಕೂ ಪ್ರಯೋಜನವಿದೆ.

ಇಂದಿನ ವಾಹನಗಳ ಒಳಗೆ ಪುಟ್ಟ ಕಂಪ್ಯೂಟರುಗಳು ಕೆಲಸ ಮಾಡುತ್ತವೆ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕು, ಚಕ್ರ ಜಾರುವಾಗ ಬ್ರೇಕನ್ನು ಎಷ್ಟು ಬಿಗಿಹಿಡಿಯಬೇಕು ಎಂದು ತೀರ್ಮಾನಿಸುವುದು ಅವೇ. ಅವುಗಳಿಗೂ ನೆನಪು, ಅಂದರೆ ಮೆಮೊರಿ, ಇರಬೇಕು. ಒಂದು ಬಗೆಯ ಮೆಮೊರಿಯಲ್ಲಿ ಕಾರ್ಖಾನೆಯವರು ಬರೆದುಕೊಟ್ಟ ಆಜ್ಞೆಗಳಿರುತ್ತವೆ. ಇನ್ನೊಂದು ಬಗೆಯದು ಅಂಗಡಿಯವನ ಸ್ಲೇಟಿನ ಹಾಗೆ. ಕ್ಷಣಕ್ಷಣಕ್ಕೂ ಬರೆಯುವುದು, ಅಳಿಸುವುದು. ಬರೆಯುವುದೆಲ್ಲ ಸೊನ್ನೆ ಮತ್ತು ಒಂದು ಎಂಬ ಎರಡೇ ಅಕ್ಷರಗಳಲ್ಲಿ.

ಈ ನೆನಪು ಕೆಡುವುದುಂಟು. ಎಂಜಿನ್ನಿನ ಕಾವು, ರಸ್ತೆಯ ಕುಲುಕಾಟ, ಸಡಿಲವಾದ ತಂತಿ, ಸೊರಗಿದ ಬ್ಯಾಟರಿ ಇವೆಲ್ಲ ಅದರ ವೈರಿಗಳು. ಕಣ್ಣಿಗೆ ಕಾಣದ ಕಾರಣಗಳೂ ಇವೆ. ಚಿಪ್ಪಿನ ಹೊದಿಕೆಯಲ್ಲಿರುವ ಅತ್ಯಲ್ಪ ವಿಕಿರಣ ಪದಾರ್ಥದಿಂದ ಹೊರಟ ಕಣವೊಂದು ಮೆಮೊರಿಯ ಸೊನ್ನೆ-ಒಂದುಗಳನ್ನು ತಿರುಗುಮುರುಗು ಮಾಡಬಲ್ಲದು ಎಂಬುದನ್ನು ಇಂಟೆಲ್ ಸಂಸ್ಥೆಯ ತಿಮೊಥಿ ಮೇ ಮತ್ತು ಮರ್ರೆ ವುಡ್ಸ್ 1978ರಲ್ಲಿಯೇ ತೋರಿಸಿಕೊಟ್ಟರು. ಬ್ರೇಕನ್ನು ಆಳುವ ಯಂತ್ರದ ನೆನಪು ಕೆಟ್ಟರೆ ಗತಿಯೇನು? ಆದುದರಿಂದ ಗಾಡಿ ಕದಲುವ ಮುನ್ನ ಕಂಪ್ಯೂಟರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಕಾರ್ಖಾನೆಯ ಆಜ್ಞೆಗಳನ್ನೆಲ್ಲ ಲೆಕ್ಕದ ಹಾಗೆ ಕೂಡಿಸಿ, ಮೊದಲೇ ಬರೆದಿಟ್ಟ ಮೊತ್ತದೊಂದಿಗೆ ತಾಳೆ ನೋಡುತ್ತದೆ. ಸ್ಲೇಟಿನಂಥ ಮೆಮೊರಿಯಲ್ಲಿ ಗೊತ್ತಿರುವ ಅಕ್ಷರಗಳನ್ನು ಬರೆದು, ಬರೆದದ್ದೇ ಉಳಿದಿದೆಯೋ ಎಂದು ಓದಿ ನೋಡುತ್ತದೆ. ಎಲ್ಲವೂ ಸರಿಯಿದ್ದರೆ ದೀಪ ಆರುತ್ತದೆ. ತಪ್ಪು ಕಂಡರೆ ದೀಪ ಉರಿಯುತ್ತಲೇ ಇರುತ್ತದೆ.

ಹಾಗಾದರೆ ಎಲ್ಲ ಸರಿಯಿದ್ದರೂ ದೀಪ ಮೊದಲು ಹೊತ್ತುವುದೇಕೆ? ಇದೇ ಮುಖ್ಯವಾದ ಪ್ರಶ್ನೆ. ಕಂಪ್ಯೂಟರು ಮೆಮೊರಿಯನ್ನು ಪರೀಕ್ಷಿಸುವ ಹೊತ್ತಿನಲ್ಲಿಯೇ, ಎಚ್ಚರಿಸಬೇಕಾದ ದೀಪಕ್ಕೆ ಜೀವವಿದೆಯೋ ಇಲ್ಲವೋ ಎಂಬುದನ್ನು ನಾವು ನೋಡಲೆಂದು. ದೀಪವೇ ಸುಟ್ಟುಹೋಗಿದ್ದರೆ ಒಳಗೆ ಎಷ್ಟು ದೊಡ್ಡ ಕೆಡುಕಿದ್ದರೂ ಫಲಕ ಕತ್ತಲಾಗಿಯೇ ಇರುತ್ತದೆ. ಓಡಿಸುವವನು "ನನ್ನ ಗಾಡಿಯಲ್ಲಿ ಏನೂ ತೊಂದರೆಯಿಲ್ಲ" ಎಂದು ನೆಮ್ಮದಿಯಿಂದ ಹೋಗುತ್ತಾನೆ. ಹಳೆಯ ಕಾರು ಕೊಳ್ಳುವಾಗ ಬುದ್ಧಿವಂತ ಮೆಕ್ಯಾನಿಕ್ ಮೊದಲು ಕೀಲಿ ತಿರುಗಿಸಿ, ದೀಪಗಳೆಲ್ಲ ಒಮ್ಮೆ ಹೊತ್ತುತ್ತವೆಯೋ ಎಂದು ನೋಡುತ್ತಾನೆ. ಯಾವುದಾದರೂ ದೀಪ ಹೊತ್ತದಿದ್ದರೆ ಅವನಿಗೆ ಅನುಮಾನ. ದೀಪದ ಮೇಲೆ ಕಪ್ಪು ಟೇಪು ಅಂಟಿಸಿ ಗಾಡಿ ಮಾರುವವರೂ ಇದ್ದಾರೆ!

ಪ್ರಿಯರೇ, "ಫಾದರ್, ನನ್ನಲ್ಲಿ ಪಾಪ ಅಂತ ಏನೂ ಇಲ್ಲ. ಪಾಪನಿವೇದನೆಗೆ ಬಂದು ಏನು ಹೇಳಲಿ?" ಎಂಬ ಮಾತು ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ಸಾಮಾನ್ಯವಾಗಿದೆ. ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಮನಸ್ಸಾಕ್ಷಿಯ ಫಲಕದಲ್ಲಿ ನಿಜವಾಗಿಯೂ ಯಾವ ದೀಪವೂ ಉರಿಯುತ್ತಿಲ್ಲ. ಆದರೆ ಅದು ಪರೀಕ್ಷೆ ಮುಗಿದು ಆರಿದ ದೀಪವೋ, ಎಂದೋ ಸುಟ್ಟುಹೋದ ದೀಪವೋ? ಜಗದ್ಗುರು ಹನ್ನೆರಡನೇ ಪಿಯುಸರು 1946ರಲ್ಲಿಯೇ, ಪಾಪಪ್ರಜ್ಞೆಯನ್ನು ಕಳೆದುಕೊಂಡಿರುವುದೇ ಈ ಶತಮಾನದ ಪಾಪವೆಂದು ಎಚ್ಚರಿಸಿದ್ದರು. ಜಗದ್ಗುರು ದ್ವಿತೀಯ ಜಾನ್ ಪೌಲರು 1984ರ ತಮ್ಮ ಪ್ರಬೋಧನ ಪತ್ರದಲ್ಲಿ ಆ ಮಾತನ್ನು ಮತ್ತೆ ನೆನಪಿಸಿದರು. ಸಂತ ಪೌಲರಂಥವರೇ ಕೊರಿಂಥದವರಿಗೆ ಬರೆಯುತ್ತಾ, ತಮ್ಮ ಮನಸ್ಸಾಕ್ಷಿ ತಮ್ಮನ್ನು ಚುಚ್ಚುತ್ತಿಲ್ಲ, ಆದರೂ ಅಷ್ಟರಿಂದಲೇ ತಾವು ನಿರ್ದೋಷಿಯೆಂದು ತೀರ್ಮಾನವಾಗಲಿಲ್ಲ, ತೀರ್ಪು ಪ್ರಭುವಿನದು ಎನ್ನುತ್ತಾರೆ. ಪೌಲರು ತಮ್ಮ ದೀಪವನ್ನು ಅಷ್ಟು ಸುಲಭವಾಗಿ ನಂಬಲಿಲ್ಲ. ನಾವು ನಂಬುತ್ತೇವೆ!

ದಾವೀದ ಅರಸನನ್ನು ನೋಡಿ. ಊರೀಯನ ಹೆಂಡತಿಯನ್ನು ತೆಗೆದುಕೊಂಡ, ಊರೀಯನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಸಾಯಿಸಿದ. ಆ ಹೆಂಗಸಿಗೆ ಮಗು ಹುಟ್ಟಿತು. ಇಷ್ಟು ತಿಂಗಳೂ ಅರಸನ ಫಲಕದಲ್ಲಿ ದೀಪವಿಲ್ಲ! ಪ್ರವಾದಿ ನಾತಾನನು ಬಂದು ಬಡವನ ಕುರಿಮರಿಯ ಕಥೆ ಹೇಳಿದಾಗ ದಾವೀದನಿಗೆ ಬೆಂಕಿಯಂಥ ಕೋಪ ಬಂತು, ಆದರೆ ಕಥೆಯಲ್ಲಿದ್ದ ಇನ್ನೊಬ್ಬನ ಮೇಲೆ. "ಆ ಮನುಷ್ಯ ನೀನೇ" ಎಂದು ನಾತಾನ ತಿಳಿಸಿದ ಮೇಲೆಯೇ ಅವನ ದೀಪ ಹೊತ್ತಿತು. ಬೇರೆಯವರ ತಪ್ಪಿಗೆ ಕೂಡಲೇ ಹೊತ್ತಿ, ನಮ್ಮ ತಪ್ಪಿಗೆ ಹೊತ್ತದ ದೀಪ ಕೆಟ್ಟ ದೀಪವೇ ಸರಿ.

ಹಾಗಾದರೆ ಆತ್ಮಶೋಧನೆಯನ್ನು ಹೇಗೆ ಮಾಡಬೇಕು? ಈ ಪುಟ್ಟ ಕಂಪ್ಯೂಟರಿನ ಪರೀಕ್ಷೆಯಿಂದಲೇ ಕೆಲವು ಮಾತುಗಳನ್ನು ಕಲಿಯೋಣ.

ಮೆಮೊರಿಯ ಒಂದು ಮನೆ ಕೆಟ್ಟು 'ಒಂದು' ಎಂಬಲ್ಲಿಯೇ ಅಂಟಿಕೊಂಡುಬಿಟ್ಟಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ 'ಒಂದು' ಬರೆದು ಓದಿದರೆ 'ಒಂದು' ಎಂದೇ ಬರುತ್ತದೆ, ಪರೀಕ್ಷೆಯಲ್ಲಿ ಪಾಸು. 'ಸೊನ್ನೆ' ಬರೆದು ನೋಡಿದಾಗಲೇ ಅದರ ಬಣ್ಣ ಬಯಲು. ಆದ್ದರಿಂದ ಪ್ರತಿಯೊಂದು ಮನೆಯನ್ನೂ ಎರಡೂ ಬಗೆಯಲ್ಲಿ ಪರೀಕ್ಷಿಸಬೇಕು. ದೇವಾಲಯದಲ್ಲಿ ಪ್ರಾರ್ಥಿಸಿದ ಫರಿಸಾಯನು ಮಾಡಿಕೊಂಡದ್ದು ಅರ್ಧ ಪರೀಕ್ಷೆ. ಕಳ್ಳತನ ಮಾಡಿಲ್ಲ, ವ್ಯಭಿಚಾರ ಮಾಡಿಲ್ಲ, ವಾರಕ್ಕೆರಡು ಸಲ ಉಪವಾಸ ಮಾಡುತ್ತೇನೆ ಎಂದು ತನಗೆ ಗೊತ್ತಿದ್ದ ಉತ್ತರಗಳನ್ನೇ ಓದಿಕೊಂಡ. ಪಕ್ಕದಲ್ಲಿ ನಿಂತ ಸುಂಕದವನ ಮೇಲೆ ನನಗೆ ಪ್ರೀತಿಯಿದೆಯೇ ಎಂದು ಕೇಳಿಕೊಳ್ಳಲಿಲ್ಲ. ಬಲಿಪೂಜೆಯ ಆರಂಭದಲ್ಲಿ ನಾವು ಎದೆ ತಟ್ಟಿಕೊಳ್ಳುವುದು ಮಾಡಿದ ಪಾಪಗಳಿಗಾಗಿ ಮಾತ್ರವಲ್ಲ, ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದಕ್ಕಾಗಿಯೂ ಹೌದು. "ನಾನು ಕುಡಿಯುವುದಿಲ್ಲ, ಸಂಬಳ ಮನೆಗೆ ತಂದು ಕೊಡುತ್ತೇನೆ, ಭಾನುವಾರ ಪೂಜೆ ತಪ್ಪಿಸಿಲ್ಲ" ಎನ್ನುವ ಗಂಡ, "ಹೆಂಡತಿಯ ಕಷ್ಟ ಸುಖವನ್ನು ಕೊನೆಯ ಸಲ ಕೇಳಿದ್ದು ಯಾವಾಗ?" ಎಂದೂ ಕೇಳಿಕೊಳ್ಳಲಿ. "ಮನೆಯ ಕೆಲಸವೆಲ್ಲ ನಾನೇ ಮಾಡುತ್ತೇನೆ" ಎನ್ನುವ ಸೊಸೆ, "ಅತ್ತೆಗೆ ಊಟ ಬಡಿಸುವಾಗ ಒಂದು ಮಾತಾದರೂ ಆಡಿದೆನೇ?" ಎಂದು ಕೇಳಿಕೊಳ್ಳಲಿ. ಅತ್ತೆಯೂ ಅಷ್ಟೇ!

ಎರಡನೆಯದು, ಒಂದು ಮನೆಯಲ್ಲಿ ಬರೆದರೆ ಪಕ್ಕದ ಮನೆಯ ಅಕ್ಷರ ಬದಲಾಗುವ ದೋಷ. ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಎರಡೂ ಸರಿಯಾಗಿಯೇ ಇರುತ್ತವೆ. ಒಂದರಲ್ಲಿ ಬರೆದು ಇನ್ನೊಂದನ್ನು ಓದಿದಾಗಲೇ ತಿಳಿಯುವುದು. ನಮ್ಮ ಮನೆಗಳಲ್ಲಿ ಈ ದೋಷ ಎಷ್ಟಿಲ್ಲ! ಸಾಹೇಬರು ಬೈದದ್ದು ಆಫೀಸಿನಲ್ಲಿ, ಏಟು ಬಿದ್ದದ್ದು ಮಗನಿಗೆ. ತವರಿನಲ್ಲಿ ಆದ ಅವಮಾನ, ಉರಿದದ್ದು ನಾದಿನಿಯ ಮೇಲೆ. ರಾತ್ರಿ ಆತ್ಮಶೋಧನೆ ಮಾಡುವಾಗ "ನಾನು ಕೋಪಿಸಿಕೊಂಡೆ" ಎಂದಷ್ಟೇ ಹೇಳಿ ಮುಗಿಸಬಾರದು. ಆ ಕೋಪ ಎಲ್ಲಿ ಹುಟ್ಟಿತು, ಯಾರ ಮೇಲೆ ಬಿತ್ತು ಎಂದು ನೋಡಬೇಕು. ಏಟು ತಿಂದ ಮಗುವಿನ ತಲೆ ಸವರಿ, "ತಪ್ಪಾಯ್ತು ಕಂದ, ಕೋಪ ನಿನ್ನ ಮೇಲಲ್ಲ" ಎನ್ನುವ ತಂದೆ ಆ ಮಗುವಿಗೆ ಯಾವ ಧರ್ಮೋಪದೇಶ ತರಗತಿಯೂ ಕಲಿಸಲಾರದ ಪಾಠ ಕಲಿಸುತ್ತಾನೆ.

ಮೂರನೆಯದು, ಬರೆದಾಗ ಸರಿಯಾಗಿದ್ದು ಸ್ವಲ್ಪ ಹೊತ್ತಿನ ಮೇಲೆ ಮರೆತುಹೋಗುವ ದೋಷ. ಇದನ್ನು ಕಂಡುಹಿಡಿಯಲು ಬರೆದು, ಕಾದು, ಆಮೇಲೆ ಓದಬೇಕು. ಕನ್ನಡಿಯಲ್ಲಿ ಮುಖ ನೋಡಿ, ಆಚೆ ಹೋದ ಕೂಡಲೇ ತಾನು ಹೇಗಿದ್ದೇನೆಂಬುದನ್ನೇ ಮರೆಯುವವನ ಬಗ್ಗೆ ಸಂತ ಯಕೋಬರು ಬರೆದಿದ್ದಾರೆ. ದೇವಾಲಯದಲ್ಲಿ ಮೊಣಕಾಲೂರಿ ಮಾಡಿದ ನಿರ್ಧಾರವನ್ನು ದೇವಾಲಯದಲ್ಲಿಯೇ ಪರೀಕ್ಷಿಸಿದರೆ ಅದು ಸರಿಯಾಗಿಯೇ ಇರುತ್ತದೆ. ಸೋಮವಾರ ಸಂಜೆ ಸಂತೆಯಲ್ಲಿ, ಬಸ್ಸಿನ ನೂಕುನುಗ್ಗಲಿನಲ್ಲಿ ಓದಿ ನೋಡಬೇಕು. ಅನೇಕ ಬೈಕುಗಳಲ್ಲಿ ಎಬಿಎಸ್ ದೀಪವು ಗಾಡಿ ಸ್ವಲ್ಪ ದೂರ ಚಲಿಸಿದ ಮೇಲೆಯೇ ಆರುತ್ತದೆ. ಚಕ್ರ ತಿರುಗದೆ ಆ ಪರೀಕ್ಷೆ ಪೂರ್ಣವಾಗುವುದಿಲ್ಲ. ಲೊಯೋಲದ ಸಂತ ಇಗ್ನೇಷಿಯಸರು ಇದನ್ನು ಚೆನ್ನಾಗಿ ಅರಿತಿದ್ದರು. 1548ರಲ್ಲಿ ಧರ್ಮಸಭೆಯ ಅನುಮೋದನೆ ಪಡೆದ ಅವರ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಗ್ರಂಥದಲ್ಲಿ, ಒಂದೇ ಒಂದು ದೋಷವನ್ನು ಆರಿಸಿಕೊಂಡು ಬೆಳಿಗ್ಗೆ ನಿರ್ಧಾರ ಮಾಡಿ, ಮಧ್ಯಾಹ್ನ ಮತ್ತು ರಾತ್ರಿ ಎಷ್ಟು ಸಲ ಬಿದ್ದೆನೆಂದು ಗುರುತು ಹಾಕಿಕೊಳ್ಳುವ, ದಿನವನ್ನು ದಿನಕ್ಕೂ ವಾರವನ್ನು ವಾರಕ್ಕೂ ಹೋಲಿಸುವ ಕ್ರಮವನ್ನು ತಿಳಿಸಿದ್ದಾರೆ.

ಅದೇ ಸಂತರ ಇನ್ನೊಂದು ಬುದ್ಧಿಮಾತು ಸಂಸಾರಸ್ಥರಿಗೆ ಬಹಳ ಬೇಕಾದದ್ದು. ಸ್ಟಾರ್ಟರ್ ತಿರುಗುವ ಕ್ಷಣದಲ್ಲಿ ಅದು ಎಷ್ಟು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆಂದರೆ, 12 ವೋಲ್ಟಿನ ಬ್ಯಾಟರಿಯ ಒತ್ತಡ ಥಟ್ಟನೆ ಕುಸಿಯುತ್ತದೆ. ಬ್ಯಾಟರಿ ಹಳೆಯದಾಗಿದ್ದು ಚಳಿಯೂ ಇದ್ದರೆ ಇನ್ನಷ್ಟು ಕುಸಿಯುತ್ತದೆ. ಆಗ ಮೆಮೊರಿಯಲ್ಲಿ ಏನಾದರೂ ಬರೆದರೆ ತಪ್ಪು ಅಕ್ಷರ ಬೀಳುವ ಅಪಾಯವಿದೆ. ಅದಕ್ಕೆಂದೇ ಚಿಪ್ಪಿನಲ್ಲಿ ಒಂದು ಕಾವಲು ಇಟ್ಟಿರುತ್ತಾರೆ. ವಿದ್ಯುತ್ ಒಂದು ಮಟ್ಟಕ್ಕಿಂತ ಇಳಿದರೆ, ತಪ್ಪು ಮಾಡುವುದಕ್ಕಿಂತ ಸುಮ್ಮನಿರುವುದು ಲೇಸೆಂದು ಆ ಕಾವಲು ಚಿಪ್ಪಿನ ಕೆಲಸವನ್ನೇ ತಡೆದು ನಿಲ್ಲಿಸುತ್ತದೆ. ಮನಸ್ಸು ಕುಗ್ಗಿ, ದೇವರು ದೂರವೆನಿಸುವ ಹೊತ್ತಿನಲ್ಲಿ ಹಿಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದು ಎಂಬುದು ಇಗ್ನೇಷಿಯಸರ ನಿಯಮ. ಬೇರೆ ಮನೆ ಮಾಡೋಣ, ಪಾಲು ಕೇಳೋಣ, ಇವಳನ್ನು ತವರಿಗೆ ಕಳಿಸೋಣ ಎಂಬ ತೀರ್ಮಾನಗಳು ಎಷ್ಟೋ ಮನೆಗಳಲ್ಲಿ ರಾತ್ರಿ ಹನ್ನೊಂದು ಗಂಟೆಗೆ, ದಣಿದ ದೇಹ, ಹಸಿದ ಹೊಟ್ಟೆ, ಉರಿಯುವ ತಲೆಯಲ್ಲಿ ಆಗಿಹೋಗುತ್ತವೆ. ಹೊತ್ತು ಮುಳುಗುವ ಮುನ್ನ ಕೋಪವನ್ನು ಬಿಡಬೇಕೆಂದು ಎಫೆಸದವರಿಗೆ ಬರೆದ ಪೌಲರು, ಹೊತ್ತು ಮುಳುಗುವ ಮುನ್ನ ವ್ಯಾಜ್ಯವನ್ನು ತೀರಿಸಿಬಿಡಿ ಎನ್ನಲಿಲ್ಲ. ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಮಲಗಿ. ಮಾತು ಬೆಳಿಗ್ಗೆ ಆಡಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ನೆನಪಿಟ್ಟುಕೊಳ್ಳುವುದೇ ರೋಗವಾಗುವುದೂ ಉಂಟು. 2021ರಲ್ಲಿ ಅಮೆರಿಕದಲ್ಲಿ ಟೆಸ್ಲಾ ಸಂಸ್ಥೆ 2018ರ ಆರಂಭದವರೆಗೆ ತಯಾರಾದ ಸುಮಾರು 1,35,000 ಕಾರುಗಳನ್ನು ದುರಸ್ತಿಗೆ ವಾಪಸು ಕರೆಯಬೇಕಾಯಿತು. ಆ ಕಾರುಗಳ ನಡುವಿನ ಪರದೆಯನ್ನು ನಡೆಸುವ ಕಂಪ್ಯೂಟರಿನಲ್ಲಿದ್ದ ಮೆಮೊರಿಯ ಪ್ರತಿ ಭಾಗವನ್ನು ಸುಮಾರು 3,000 ಸಲ ಅಳಿಸಿ ಬರೆಯಬಹುದು. ಆಮೇಲೆ ಅದು ಸವೆದುಹೋಗುತ್ತದೆ. ಕಂಪ್ಯೂಟರು ದಿನವೂ ಬಿಡದೆ ಬರೆದು ಅಳಿಸುತ್ತಾ ಹೋದುದರಿಂದ ಐದಾರು ವರ್ಷಗಳಲ್ಲೇ ಮೆಮೊರಿ ಸವೆಯುವಂತಾಯಿತು. ಅದು ಸವೆದಾಗ ಹಿಂದಿನ ದಾರಿ ತೋರಿಸುವ ಕ್ಯಾಮೆರಾದ ಚಿತ್ರವೇ ಕಾಣದಾಯಿತು. ನಮ್ಮಲ್ಲಿಯೂ ಕೆಲವರ ನೆನಪು ಹೀಗೆ ಸವೆಯುತ್ತದೆ. ಮದುವೆಯಲ್ಲಿ ಯಾರು ಕರೆಯಲಿಲ್ಲ, ತಿಥಿಗೆ ಯಾರು ಬರಲಿಲ್ಲ, ಇಪ್ಪತ್ತು ವರ್ಷದ ಹಿಂದೆ ಭಾವ ಏನು ಅಂದ ಎಂಬುದನ್ನೆಲ್ಲ ಬರೆದು ಬರೆದು, ದೇವರ ಉಪಕಾರವನ್ನು ಬರೆಯಲು ಜಾಗವೇ ಉಳಿಯುವುದಿಲ್ಲ. ಪ್ರೀತಿಯು ಅಪಕಾರದ ಲೆಕ್ಕವಿಡುವುದಿಲ್ಲ ಎಂದು ಪೌಲರು ಕಲಿಸಿದ್ದು ಸುಮ್ಮನೆ ಅಲ್ಲ.

ಕೆಲವರು ತಮ್ಮ ಪಾಪಗಳ ವಿಷಯದಲ್ಲಿಯೂ ಹೀಗೆಯೇ. ಕ್ಷಮೆ ಪಡೆದ ಪಾಪವನ್ನೇ ಮತ್ತೆ ಮತ್ತೆ ಕೆದಕಿ ನರಳುತ್ತಾರೆ. 1522ರಲ್ಲಿ ಮನ್ರೇಸ ಊರಿನಲ್ಲಿ ತಪಸ್ಸು ಮಾಡುತ್ತಿದ್ದ ಇಗ್ನೇಷಿಯಸರು ಕೂಡ ಈ ಬಾಧೆಯಲ್ಲಿ ಬೆಂದುಹೋಗಿದ್ದರು. ದೇವರ ಕೃಪೆಯಿಂದ ಬಿಡುಗಡೆ ಹೊಂದಿದರು. ಪರೀಕ್ಷೆ ಇರುವುದು ದಾರಿಯಲ್ಲಿ ಸಾಗುವುದಕ್ಕಾಗಿ. ದಿನವಿಡೀ ಕೀಲಿ ತಿರುಗಿಸುತ್ತಾ ಮನೆಯ ಮುಂದೆಯೇ ನಿಂತ ಗಾಡಿಯಿಂದ ಯಾರಿಗೆ ಉಪಯೋಗ?

ಕೊನೆಯದಾಗಿ, ಪರೀಕ್ಷೆಯೇ ದುರಸ್ತಿಯಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರು ವಾರದ ಕೊನೆಗೆ ಯಂತ್ರಕ್ಕೆ ಲೆಕ್ಕಗಳನ್ನು ಒಪ್ಪಿಸಿ ಹೋಗುತ್ತಿದ್ದರು. ತಪ್ಪು ಕಂಡರೆ ಯಂತ್ರ ಆ ಲೆಕ್ಕವನ್ನು ಅಲ್ಲಿಗೇ ಕೈಬಿಡುತ್ತಿತ್ತು. ತಪ್ಪನ್ನು ಕಂಡುಹಿಡಿಯುವ ಯಂತ್ರ ಅದನ್ನು ತಿದ್ದಿಕೊಳ್ಳಬಾರದೇಕೆ ಎಂದು ಯೋಚಿಸಿ ಅವರು 1950ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ವಾಹನಗಳ ಅನೇಕ ಮೆಮೊರಿಗಳಲ್ಲಿ ಇಂದಿಗೂ ಅದರ ಸಂತತಿ ಬಳಕೆಯಲ್ಲಿದೆ. ಆದರೆ ಅದಕ್ಕೂ ಮಿತಿಯಿದೆ. ಸಾಮಾನ್ಯವಾಗಿ ಒಟ್ಟಿಗೆ ಓದುವ ಅಕ್ಷರಗಳಲ್ಲಿ ಒಂದು ತಪ್ಪಿದ್ದರೆ ತಾನೇ ತಿದ್ದುತ್ತದೆ. ಎರಡು ತಪ್ಪಿದ್ದರೆ ತಪ್ಪಿದೆಯೆಂದು ಹೇಳಬಲ್ಲದು, ತಿದ್ದಲಾರದು. ಆಗ ವರ್ಕ್‌ಶಾಪಿಗೆ ಹೋಗಲೇಬೇಕು. ನಮ್ಮ ಲಘು ಪಾಪಗಳು ಪಶ್ಚಾತ್ತಾಪದಿಂದ, ಪ್ರೀತಿಯ ಕಾರ್ಯಗಳಿಂದ, ಭಕ್ತಿಯಿಂದ ಸ್ವೀಕರಿಸಿದ ಪರಮಪ್ರಸಾದದಿಂದ ತೊಳೆಯಲ್ಪಡುತ್ತವೆ. ಅದೂ ನಮ್ಮ ಸ್ವಂತ ಶಕ್ತಿಯಿಂದಲ್ಲ, ಕ್ರಿಸ್ತನ ಕೃಪೆಯಿಂದ. ಮಾರಕ ಪಾಪಕ್ಕಾದರೋ ಪಾಪನಿವೇದನೆಯ ಸಂಸ್ಕಾರವನ್ನೇ ಪ್ರಭು ಇಟ್ಟಿದ್ದಾನೆ. ಈ ಸಂಸ್ಕಾರಕ್ಕೆ ದೇವರ ವಾಕ್ಯದ ಬೆಳಕಿನಲ್ಲಿ ಆತ್ಮಶೋಧನೆ ಮಾಡಿಕೊಂಡು ಬರಬೇಕೆಂದೂ, ಗಂಭೀರ ಪಾಪಗಳನ್ನು ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆಂದೂ ಧರ್ಮಸಭೆ 1992ರಲ್ಲಿ ಪ್ರಕಟಿಸಿದ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ.

ವರ್ಕ್‌ಶಾಪಿನಲ್ಲಿ ದೋಷವನ್ನು ಸರಿಪಡಿಸದೆ, ಯಂತ್ರ ಜೋಡಿಸಿ ದೋಷದ ಸಂಕೇತವನ್ನು ಮಾತ್ರ ಅಳಿಸಿ ಕಳಿಸಿದರೆ ಏನಾಗುತ್ತದೆ? ದೀಪ ಆರುತ್ತದೆ, ನಾಲ್ಕು ದಿನಕ್ಕೆ ಮತ್ತೆ ಹೊತ್ತುತ್ತದೆ. ಕದ್ದ ಹಣ ಹಿಂದಿರುಗಿಸುವ ಮನಸ್ಸಿಲ್ಲದೆ, ಮಾತು ಬಿಟ್ಟ ತಮ್ಮನ ಮನೆಗೆ ಹೋಗುವ ಉದ್ದೇಶವಿಲ್ಲದೆ ಹಬ್ಬಕ್ಕೆಂದು ಮಾಡುವ ಪಾಪನಿವೇದನೆಯೂ ಹಾಗೆಯೇ.

ಯೇಸುವನ್ನು ಬಂಧಿಸಿದ ಆ ದಿನಗಳಲ್ಲಿ ಇಬ್ಬರು ಶಿಷ್ಯರ ದೀಪ ಹೊತ್ತಿತು. ಯೂದನು ತಾನು ಪಾಪ ಮಾಡಿದೆನೆಂದು ಅರಿತ, ಬೆಳ್ಳಿಯ ನಾಣ್ಯಗಳನ್ನು ತಂದು ಯಾಜಕರ ಮುಂದೆ ಒಪ್ಪಿಕೊಂಡ. ಅವರು ಅದು ನಮಗೇನು ಎಂದು ಕೈ ತೊಳೆದುಕೊಂಡರು. ಅವನು ಒಬ್ಬನೇ ಕತ್ತಲೆಗೆ ಹೋದ. ಪೇತ್ರನೂ ಮೂರು ಸಲ ತನ್ನ ಗುರುವನ್ನು ಅಲ್ಲಗಳೆದಿದ್ದ. ಕೋಳಿ ಕೂಗಿತು, ಪ್ರಭು ತಿರುಗಿ ಅವನನ್ನು ನೋಡಿದ. ಪೇತ್ರನು ಹೊರಗೆ ಹೋಗಿ ಬಹಳವಾಗಿ ಅತ್ತ; ಆದರೆ ಪ್ರಭುವಿನ ಬಳಿಗೆ ಮರಳಿ ಬಂದ. ತಪ್ಪು ತಿಳಿಯುವುದರಲ್ಲಿ ಇಬ್ಬರೂ ಸಮಾನರು. ಯಾರ ಬಳಿಗೆ ಹೋದರು ಎಂಬುದರಲ್ಲಿ ವ್ಯತ್ಯಾಸ. ಕೆಟ್ಟ ಚಿಪ್ಪನ್ನು ಮನುಷ್ಯ ಕಿತ್ತೆಸೆದು ಹೊಸದು ಹಾಕುತ್ತಾನೆ. ದೇವರು ಪೇತ್ರನನ್ನು ಬದಲಾಯಿಸಿ ಬೇರೊಬ್ಬನನ್ನು ನೇಮಿಸಲಿಲ್ಲ. ಅದೇ ಪೇತ್ರನ ಕೈಗೆ ತನ್ನ ಕುರಿಗಳನ್ನು ಒಪ್ಪಿಸಿದ.

ಆದಕಾರಣ ಇಂದು ರಾತ್ರಿ ಮನೆಯಲ್ಲಿ ಜಪಸರ ಮುಗಿದ ಮೇಲೆ ಐದು ನಿಮಿಷ ಟಿವಿ, ಮೊಬೈಲುಗಳನ್ನು ಆರಿಸಿ ಎಲ್ಲರೂ ಮೌನವಾಗಿ ಕುಳಿತುಕೊಳ್ಳಿ. ಮೊದಲು ಈ ದಿನದ ಒಂದು ಉಪಕಾರಕ್ಕಾಗಿ ದೇವರಿಗೆ ವಂದನೆ ಹೇಳಿ. ನಿಮ್ಮ ಹೃದಯವನ್ನು ತೋರಿಸಿಕೊಡುವಂತೆ ಪವಿತ್ರಾತ್ಮರನ್ನು ಬೇಡಿ. ಕೀರ್ತನೆಗಾರನು ತನ್ನನ್ನು ಪರಿಶೋಧಿಸೆಂದು ದೇವರನ್ನೇ ಬೇಡಿಕೊಂಡನಲ್ಲವೇ? ಬೆಳಗಿನಿಂದ ನಡೆದುದನ್ನು ನೆನಪಿಸಿಕೊಳ್ಳಿ: ಮಾಡಿದ್ದು, ಮಾಡದೆ ಬಿಟ್ಟದ್ದು, ಯಾರ ಮೇಲಿನ ಕೋಪ ಯಾರ ಮೇಲೆ ಬಿತ್ತು ಎಂಬುದು. ಕ್ಷಮೆ ಕೇಳಿ. ನಾಳೆಗೆ ಒಂದೇ ಒಂದು ನಿರ್ಧಾರ ಮಾಡಿ, ನಾಳೆ ರಾತ್ರಿ ಅದನ್ನು ಓದಿ ನೋಡಿ. ಮಕ್ಕಳು ಬಾಯಿಬಿಟ್ಟು ಹೇಳಲೇಬೇಕೆಂದು ಒತ್ತಾಯಿಸಬೇಡಿ. ತಂದೆತಾಯಿಯರು ಕಣ್ಮುಚ್ಚಿ ಕುಳಿತಿರುವುದನ್ನು ಅವರು ನೋಡಿದರೆ ಸಾಕು. ಮೊದಲ ಕೆಲವು ರಾತ್ರಿ ಏನೂ ಹೊಳೆಯದಿದ್ದರೆ ಗಾಬರಿಯಾಗಬೇಡಿ, ಹಾಗೆಂದು ಸಂತೋಷವನ್ನೂ ಪಡಬೇಡಿ. ಮುಂದುವರಿಸಿ. ಬಹಳ ಕಾಲ ಉರಿಯದೆ ಇದ್ದ ದೀಪ ಒಂದು ರಾತ್ರಿ ಹೊತ್ತಿಕೊಂಡು ನಿಮ್ಮನ್ನು ನೋಯಿಸಿದರೆ, ಅದನ್ನು ದೇವರ ದಯೆಯೆಂದು ತಿಳಿದು, ಬರುವ ಶನಿವಾರ ನಿಮ್ಮ ಗುರುಗಳ ಬಳಿಗೆ ಹೋಗಿ.

ಪಾಪಿಗಳ ಆಶ್ರಯವಾದ ಮಾತೆ ಮರಿಯಮ್ಮನವರು ನಿಮಗಾಗಿಯೂ ನಿಮ್ಮ ಮನೆಯವರಿಗಾಗಿಯೂ ಪ್ರಾರ್ಥಿಸಲಿ. ಆಮೆನ್.